ನಾನು ಬರೆದುಕೊಟ್ಟ ಸಾಕ್ಷಿ

ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ. ಸಂಭಾಜಿನಗರದ ಒಂದು ಮರಾಠಿ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ನಮ್ಮದು ಶುರುವಾಗುತ್ತದೆ. ಬರುವವರು ಬೀದರ್, ಕಲಬುರಗಿ ಕಡೆಯವರು. ಹೆಚ್ಚಿನವರು ಕಟ್ಟಡ ಕೆಲಸದವರು. ಅವರಲ್ಲಿ ಕನ್ನಡ ಬರೆಯಬಲ್ಲವರು ಮೂರೋ ನಾಲ್ಕೋ ಮಂದಿ. ಮಕ್ಕಳಂತೂ ಮರಾಠಿ ಶಾಲೆಯವರು. ಹಾಗಾಗಿ ಬರೆಯುವ ಕೆಲಸವೆಲ್ಲ ನನ್ನ ತಲೆಗೇ ಬಂತು. ನಾಸಿಕದಲ್ಲಿದ್ದಾಗಲೂ ಇದೇ ಕತೆ. ಗಂಡನಿಗೆ ಇಲ್ಲಿಗೆ ವರ್ಗವಾದಾಗ ಇನ್ನಾದರೂ ಬಿಡುಗಡೆ ಎಂದುಕೊಂಡಿದ್ದೆ. ಎಲ್ಲಿಯ ಬಿಡುಗಡೆ!

ನಮ್ಮಲ್ಲೊಂದು ಪದ್ಧತಿಯಿದೆ. ಕಾಯಿಲೆ ಬಿದ್ದವರಿಗಾಗಿ ಸಭೆ ಉಪವಾಸವಿದ್ದು ಪ್ರಾರ್ಥಿಸಿದರೆ, ಆ ಮನೆಯವರು ಕೃತಜ್ಞತೆಯ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು. ಮಾತಾಡಲು ಅಂಜುವವರಿಗೆ ನಾನೇ ಬರೆದು, ನಾನೇ ಓದುತ್ತೇನೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಬರೆದೆನೋ. ಮೊದಲು ಕಷ್ಟ, ನಡುವೆ ಕಣ್ಣೀರು, ಕೊನೆಗೆ ಸಮಾಧಾನ. ಜನ ಎಲ್ಲಿ ಆಮೆನ್ ಅನ್ನುತ್ತಾರೆಂಬುದು ಬರೆಯುವಾಗಲೇ ಗೊತ್ತಿರುತ್ತದೆ. ಶಾಲೆಯಲ್ಲಿ ದಿನವಿಡೀ ಗಣಿತ ಕಲಿಸಿ ಬಂದವಳಿಗೆ ಹೊಸದಾಗಿ ಯೋಚಿಸುವ ತ್ರಾಣವೂ ಇರುವುದಿಲ್ಲ. ಕೈ ತಾನಾಗಿ ಬರೆದುಕೊಂಡು ಹೋಗುತ್ತದೆ. ಅದನ್ನು ನಾನು ದೇವರ ಸೇವೆ ಎಂದು ಕರೆಯುತ್ತಿದ್ದೆ.

ಕಳೆದ ವರ್ಷ, ಕೃತಜ್ಞತೆಯ ಭಾನುವಾರಕ್ಕೆ ಒಂದು ದಿನ ಮುಂಚೆ, ಊರಾಚೆ ಬಿಡಕಿನ್ ಕಡೆ ಗಾರೆ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳು ಮನೆಗೆ ಬಂದಳು. ಅವಳ ಗಂಡನಿಗೆ ಕಾಮಾಲೆಯಾಗಿತ್ತು. ಸಭೆಯೆಲ್ಲ ಉಪವಾಸವಿತ್ತು. ಅವನು ಉಳಿಯಲಿಲ್ಲ. ಸತ್ತವರ ಮನೆಯವರು ಏನು ಸಾಕ್ಷಿ ಹೇಳಬೇಕೆಂದು ನಮ್ಮ ಹಿರಿಯರು ಯಾವತ್ತೂ ಯೋಚಿಸಿರಲಿಲ್ಲ. ಆದರೆ ಅವಳು ಹೇಳಲೇಬೇಕೆಂದು ಗಟ್ಟಿಮಾಡಿಕೊಂಡು ಬಂದಿದ್ದಳು.

“ಹೇಳವ್ವಾ, ಏನು ಬರೀಲಿ?” ಅಂದೆ.

“ಹದಿನೆಂಟು ದಿನ ಬೇಡ್ಕೊಂಡೀನ್ರಿ. ದೇವ್ರು ಕೊಡಲಿಲ್ಲ. ಅವನ ಮ್ಯಾಲ ಭಾಳ ಸಿಟ್ಟದ ನಂಗ. ಯಾಕ ಕೊಡಲಿಲ್ಲ ಅಂತ ಎಲ್ಲಾರ ಮುಂದ ಕೇಳಬೇಕ್ರಿ. ಹಂಗೇ ಬರೀರಿ.”

ಅವಳು ಹೇಳಿದಂತೆಯೇ ಬರೆದುಕೊಂಡೆ. ಮರುದಿನ ಬೆಳಿಗ್ಗೆ ಶುದ್ಧಪ್ರತಿ ಮಾಡಲು ಕೂತಾಗ ‘ಸಿಟ್ಟು’ ಎಂಬಲ್ಲಿ ನಿಂತೆ. ಮುಂದಿನ ಸಾಲಲ್ಲಿ ಕೂರುವ ಹಿರಿಯರ ಮುಖಗಳು ಕಣ್ಣಮುಂದೆ ಬಂದವು. ಆಮೇಲೆ ಅವರಿಗೆಲ್ಲ ಸಮಜಾಯಿಷಿ ಕೊಡುತ್ತ ಕೂರುವವರು ಯಾರು? ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಸಿಟ್ಟಿದ್ದಲ್ಲಿ ದುಃಖ ಹಾಕಿದೆ, ಪ್ರಶ್ನೆಯನ್ನು ಹೊಡೆದುಹಾಕಿದೆ, ದೇವರ ಚಿತ್ತಕ್ಕೆ ತಲೆಬಾಗಿ ಸಮಾಧಾನ ಕಂಡೆ ಎಂದು ಮುಗಿಸಿದೆ. ಅವಳಿಗೂ ಇದೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ.

ಓದುವಾಗ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೆನ್ ಬರಬೇಕಾದಲ್ಲೇ ಬಂತು. ನನಗೆ ಖುಷಿಯಾಯಿತು, ಅದನ್ನೇಕೆ ಮುಚ್ಚಿಡಲಿ.

ಆರಾಧನೆ ಮುಗಿದು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ಹತ್ತಿರ ಬಂದಳು. “ಛಲೋ ಓದಿದ್ರಿ ಅಕ್ಕಾರ. ಅಕಿ ಯಾರ್ರಿ?”

“ಯಾರವ್ವಾ?”

“ಗಂಡ ಸತ್ತಮ್ಯಾಲ ಸಮಾಧಾನ ಸಿಕ್ತಂತಲ್ಲ, ಅಕಿ.”

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅಂದು ಪಾರಾಗುತ್ತಿದ್ದೆ. ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ.

“ತಪ್ಪಾತವ್ವಾ,” ಅಂದೆ. “ನೀ ಹೇಳಿದ್ದು ನನ್ ಬಲ್ಲಿ ಹಂಗೇ ಅದ. ಮುಂದಿನ ಐತವಾರ ಓದ್ತೀನಿ.”

“ಬ್ಯಾಡ್ರಿ. ದೇವ್ರಿಂದೂ ನಂದೂ ಜಗಳ ಇತ್ತು. ನಡುವ ನೀವು ಬಂದು ಬಗಿಹರಿಸಿಬಿಟ್ರಿ. ಈಗ ನಾ ಯಾವ ಬಾಯಿಲೆ ಅವನ ಸಂಗಟ ಮಾತಾಡ್ಲಿ?”