ಬೌಂಡರಿಗೆ ನಿಲ್ಲಿಸಿದ ತೋಳು

ಅಂಗಳದಲ್ಲಿ ನಿಂತು ಮಹಡಿಯ ಕಿಟಕಿಯಲ್ಲಿರುವ ನನ್ನಾಕೆಗೆ ಬೀಗದ ಕೈ ಎಸೆಯುವುದು ಘನಂದಾರಿ ವಿದ್ಯೆಯೇನಲ್ಲ. ಆದರೂ ನಾನೆಸೆದದ್ದು ಈ ತಿಂಗಳಲ್ಲಿ ಎರಡನೆಯ ಸಲ ನೆರೆಮನೆಯ ಬಾವಿಗೆ ಬಿತ್ತು. ಇಂಥ ಹಸ್ತಕೌಶಲದ ನಾನು ಎಂಬತ್ತರ ದಶಕದ ಆರಂಭದಲ್ಲಿ ಬಂಟ್ವಾಳದ ಒಂದು ಕ್ರಿಕೆಟ್ ತಂಡಕ್ಕೆ ನಾಯಕನೂ ವಿಕೆಟ್ ಕೀಪರನೂ ಆಗಿದ್ದೆನೆಂದರೆ ನಿಮಗೆ ನಗು ಬಂದೀತು. ನಗಿ, ನನ್ನ ಅಭ್ಯಂತರವಿಲ್ಲ.

ನನಗಿದ್ದ ಅರ್ಹತೆಗಳು ಎರಡೇ: ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ, ಬ್ಯಾಟು ನನ್ನ ಸೋದರಮಾವನದಾಗಿತ್ತು. ಬ್ಯಾಟಿಂಗ್ ಕ್ರಮಾಂಕವೂ ಅಷ್ಟೇ ಶಾಸ್ತ್ರೋಕ್ತ. ಕೊಯ್ಲಾದ ಗದ್ದೆಯನ್ನು ಆಟಕ್ಕೆ ಬಿಟ್ಟುಕೊಟ್ಟ ಧನಿಗಳ ಮಗ ಮೊದಲಿಗ, ಚಹಾ ಕೊಡಿಸುವ ಹೋಟೆಲಿನವರ ಅಳಿಯ ಎರಡನೆಯವ. ಹೀಗೆ ಪ್ರತಿಷ್ಠೆ ಇಳಿಯುತ್ತ ಇಳಿಯುತ್ತ ಹನ್ನೊಂದನೆಯವನಾಗಿ ಸೋಮ.

ಸೋಮನದು ಮನೆಗಳ ಮಾಡಿಗೆ ಹಂಚೆಸೆಯುವ ಕೆಲಸ. ನೆಲದಲ್ಲಿ ನಿಂತು ಅವನು ಎಸೆದ ಹಂಚು ಮೇಲಿದ್ದವನ ಅಂಗೈಗೆ ಹೂವಿನಂತೆ ಬಂದು ಕೂರುತ್ತಿತ್ತು. ಹಿಡಿಯುವವನು ಕಣ್ಣಿಗೆ ಕಣ್ಣು ಕೊಟ್ಟ ಮೇಲೆಯೇ ಎಸೆಯಬೇಕೆಂಬುದು ಆ ಕಸುಬಿನ ನೇಮ. ಆ ತೋಳನ್ನು ಕಂಡವನೇ ನಾನು ಸೋಮನನ್ನು ಬೌಂಡರಿಗೆ ಅಟ್ಟಿದೆ. ಪ್ರತಿ ಪಂದ್ಯದ ಮೊದಲು ಅವನು ಕೇಳುತ್ತಿದ್ದ, “ಮಾಷ್ಟ್ರೇ, ಇವತ್ತು ನನಗೆ ಸ್ವಲ್ಪ ಮೇಲೆ ಬ್ಯಾಟಿಂಗ್ ಉಂಟಾ?” “ಮುಂದಿನ ಮ್ಯಾಚಿಗೆ ನೋಡುವ ಮಾರಾಯ” ಎಂಬುದು ನನ್ನ ಸಿದ್ಧ ಉತ್ತರ. ತೋಳು ಬೇಕಿತ್ತು, ತೋಳಿನ ಯಜಮಾನ ಬೇಕಿರಲಿಲ್ಲ.

ಮೂಡುಬಿದಿರೆಯ ಫೈನಲ್ ಗೆದ್ದರೆ ಮೂರನೆಯವನಾಗಿ ಆಡಿಸುತ್ತೇನೆಂದು ಕೊನೆಗೆ ಎಲ್ಲರೆದುರು ಮಾತು ಕೊಟ್ಟೆ. ಎದುರಾಳಿಗಳಿಗೆ ಮೂರು ರನ್ ಬೇಕಿತ್ತು, ಉಳಿದದ್ದು ಒಂದೇ ವಿಕೆಟ್. ಚೆಂಡು ಸೋಮನತ್ತ ಹೋಯಿತು. ಅವರು ಎರಡನೆಯ ರನ್ನಿಗೆ ತಿರುಗಿದರು. ಚೆಂಡು ಹಿಡಿದ ಸೋಮ ಅರೆಕ್ಷಣ ಸುಮ್ಮನೆ ನಿಂತ. “ಬಿಸಾಡಾ!” ಎಂದು ಊರಿಗೆ ಊರೇ ಅರಚಿತು. ಆಮೇಲೆ ಎಸೆದ. ಚೆಂಡು ನೇರ ನನ್ನ ಎದೆಯ ಮಟ್ಟಕ್ಕೆ ಬಂದು, ನನ್ನ ಕೈಗವಸನ್ನು ಸವರಿ, ಹಿಂದಕ್ಕೆ ಓಡಿಹೋಯಿತು. ಅವರು ಮೂರನೆಯದನ್ನೂ ಓಡಿ ಗೆದ್ದರು.

“ತಡ ಮಾಡಿ ಕೆಡಿಸಿದ” ಎಂದು ನಾನು ತೀರ್ಪು ಕೊಟ್ಟೆ. ಮೇಷ್ಟರ ತೀರ್ಪಿಗೆ ಮೇಲ್ಮನವಿ ಇಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಬಿ.ಸಿ.ರೋಡಿನವರೆಗೆ ಎಲ್ಲರೂ ಅವನನ್ನು ಬೈದರು. ಅವನು ಕಿಟಕಿಯಾಚೆ ನೋಡುತ್ತ ಕುಳಿತಿದ್ದ. ಮರುವಾರ ಪಟ್ಟಿಯಿಂದ ಅವನ ಹೆಸರನ್ನೇ ಹೊಡೆದುಹಾಕಿದೆ.

ಎರಡು ವರ್ಷದ ಬಳಿಕ ನನ್ನ ಮನೆಯ ಮಾಡಿಗೆ ಹಂಚು ಹೊದಿಸಲು ಬಂದವನು ಅದೇ ಸೋಮ. ಮೇಲೆ ಹಿಡಿಯುವವನು ಅಂದು ಬಂದಿರಲಿಲ್ಲ. ಮನೆ ಯಜಮಾನನ ಗತ್ತಿನಲ್ಲಿ ನಾನೇ ಏಣಿ ಹತ್ತಿ ಕೈ ಚಾಚಿದೆ. ಹಂಚು ಬರಲಿಲ್ಲ. ಕಾದೆ, ಆಗಲೂ ಬರಲಿಲ್ಲ.

“ಬಿಸಾಡು ಮಾರಾಯ, ಎಂಥ ತಡ?” ಎಂದು ಗದರಿದೆ.

ಕೆಳಗಿನಿಂದ ಮೆತ್ತಗೆ ಉತ್ತರ ಬಂತು: “ಕಣ್ಣು ಬಿಡಿ ಮಾಷ್ಟ್ರೇ. ಮೂಡುಬಿದಿರೆಯಲ್ಲಿ ಕೂಡ ನಾನು ಕಾದದ್ದು ಇದಕ್ಕೇ.”

ಆಗಷ್ಟೇ ನನಗೆ ಗೊತ್ತಾಯಿತು, ನಾನು ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದೇನೆಂದು. ನಾಚಿಕೆಯಿಂದ ಕಣ್ಣು ತೆರೆದು ಅವನತ್ತ ನೋಡಿದೆ. ಅವನು ಎರಡು ವರ್ಷ ಯಾರಿಗೂ ಇದನ್ನು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಇಂದಿನವರೆಗೆ.

ಬಾವಿಯಿಂದ ಬೀಗದ ಕೈ ತೆಗೆಸಿದ್ದಾಯಿತು. ಈ ಸಲ ಮೆಟ್ಟಿಲು ಹತ್ತಿಹೋಗಿ, ನನ್ನಾಕೆಯ ಕಣ್ಣು ನೋಡಿ, ಕೈಗೇ ಕೊಟ್ಟೆ.