ಫ್ಲೆಕ್ಸಿನ ಬಲಗಡೆಯ ಸುಧಾ

ಗುಬ್ಬಿಯ ಬಸ್ ನಿಲ್ದಾಣದಿಂದ ಸಂತೆಯ ಕಡೆಗೆ ತಿರುಗುವ ಮೂಲೆಯಲ್ಲಿ ಒಂದು ಗೊಬ್ಬರದ ಅಂಗಡಿಯಿದೆ. ಅದರ ಮಹಡಿಯ ಗೋಡೆಗೆ ಕಟ್ಟಿದ ಫ್ಲೆಕ್ಸಿನಲ್ಲಿ ಸುಧಾ ಎರಡು ಸಲ ನಿಂತಿದ್ದಾಳೆ. ಎಡಗಡೆಯ ಸುಧಾ ನಾದಿನಿಯ ಮದುವೆಯ ದಿನದವಳು. ರೇಷ್ಮೆ ಸೀರೆ, ಬೆವರಿದ ಮುಖ, ಕೈಯಲ್ಲಿ ಒಬ್ಬಟ್ಟಿನ ತಟ್ಟೆ. ಆ ಒಬ್ಬಟ್ಟು ಅವಳದಲ್ಲ, ಒಳಗೆ ಮಲಗಿದ್ದ ಅಜ್ಜಿಯೊಬ್ಬರಿಗೆ ಕೊಡಲು ಹೊರಟಿದ್ದಳು. ಅದನ್ನು ಫ್ಲೆಕ್ಸಿನಲ್ಲಿ ಬರೆಯುವವರು ಯಾರು? ಬಲಗಡೆಯ ಸುಧಾ ನೀಲಿ ಚೂಡಿದಾರ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಾಳೆ. ಇಬ್ಬರ ಕಾಲ ಬಳಿ ಅವರವರ ತೂಕದ ಅಂಕಿ, ನಡುವೆ ಒಂದು ಹಳದಿ ಬಾಣ.

ಮೂರು ವರ್ಷದ ಹಿಂದೆ ಅವಳಿಗೆ ಮಂಡಿನೋವು ಶುರುವಾಗಿತ್ತು. ನಲವತ್ತು ಇನ್ನೂ ತುಂಬಿರಲಿಲ್ಲ, ಆದರೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಡಾಕ್ಟರು ಮೊದಲು ತೂಕ ಇಳಿಸಿ ಎಂದರು, ಹೇಗೆ ಎಂದು ಹೇಳಲಿಲ್ಲ. ಅದನ್ನು ಹೇಳಿದವರು ತುಮಕೂರಿನಲ್ಲಿ ನ್ಯೂಟ್ರಿಷನ್ ಸೆಂಟರ್ ನಡೆಸುತ್ತಿದ್ದ ಅಂಜನಮೂರ್ತಿ. ಹಿಂದೆ ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು, ನೆಟ್ಟಗೆ ನಿಲ್ಲುತ್ತಿದ್ದರು, ಮೆತ್ತಗೆ ಮಾತಾಡುತ್ತಿದ್ದರು. ಬೆಳಗ್ಗೆ ತಿಂಡಿಯ ಬದಲು ಪ್ರೋಟೀನ್ ಪುಡಿ ಕಲಸಿದ ಒಂದು ಶೇಕ್, ರಾತ್ರಿ ಊಟದ ಬದಲು ಇನ್ನೊಂದು, ಮಧ್ಯಾಹ್ನ ಮಾತ್ರ ಹಿಡಿಯಷ್ಟು ಊಟ. ಮೊದಲ ವಾರ ತಲೆ ಸುತ್ತಿತು, ಆಮೇಲೆ ಅಭ್ಯಾಸವಾಯಿತು. ತೂಕ ಇಳಿದದ್ದು ನಿಜ. ಆ ವರ್ಷ ದೇವರಾಯನದುರ್ಗಕ್ಕೆ ಹೋದಾಗ ಎಲ್ಲೂ ಕೂರದೆ ಮೇಲಿನ ದೇವಸ್ಥಾನದವರೆಗೆ ಹತ್ತಿದಳು. ಗಂಡ ಜಯಪ್ರಕಾಶ್ ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದ. ಮೇಲೆ ನಿಂತು ಅವನನ್ನು ನೋಡಿ ನಕ್ಕದ್ದು ಅವಳಿಗೆ ಇವತ್ತಿಗೂ ನೆನಪಿದೆ.

ಅದೇ ಹೊತ್ತಿಗೆ ಜಯಪ್ರಕಾಶ್ ಸೂಪರ್‌ವೈಸರ್ ಆಗಿದ್ದ ಕಾರ್ಖಾನೆಯಲ್ಲಿ ಜನರನ್ನು ಕಡಿಮೆ ಮಾಡಿದರು. ಕೆಲಸವಿಲ್ಲದೆ ಕೂತಿದ್ದವನಿಗೆ ಅಂಜನಮೂರ್ತಿ, ಗುಬ್ಬಿಯಲ್ಲಿ ಒಂದು ಸೆಂಟರ್ ನೀವೇ ತೆಗೆಯಿರಿ ಎಂದು ಧೈರ್ಯ ಕೊಟ್ಟರು. ಜನ ನಮ್ಮ ಮಾತು ನಂಬುವುದಿಲ್ಲ, ನಿಮ್ಮ ಮನೆಯವರನ್ನು ನೋಡಿ ನಂಬುತ್ತಾರೆ ಎಂದರು. ಸುಧಾ ಒಪ್ಪಿದಳು. ಗಂಡ ಮನೆಯಲ್ಲಿ ಟಿವಿ ಮುಂದೆ ಕೂತು ಸುಮ್ಮನೆ ಚಾನೆಲ್ ತಿರುಗಿಸುವುದನ್ನು ನೋಡುವುದಕ್ಕಿಂತ ಒಂದು ಫೋಟೋ ಕೊಡುವುದು ದೊಡ್ಡದೇನೂ ಅಲ್ಲ ಅನ್ನಿಸಿತ್ತು.

ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಸೆಂಟರ್ ನಡೆಯಿತು. ಬೆಳಗ್ಗೆ ಬೆಳಗ್ಗೆಯೇ ಟೀಚರುಗಳು, ಕೊಬ್ಬರಿ ಮಂಡಿಯ ಗುಮಾಸ್ತರು, ಬಾಣಂತನ ಮುಗಿಸಿದ ಹುಡುಗಿಯರು ಬರುತ್ತಿದ್ದರು. ಸುಧಾ ಮಿಕ್ಸಿಯಲ್ಲಿ ಶೇಕ್ ತಿರುವಿ ಉದ್ದನೆಯ ಲೋಟಗಳಿಗೆ ಸುರಿದುಕೊಡುತ್ತಿದ್ದಳು, ತಾನೂ ಅವರ ಮುಂದೆ ನಿಂತು ಕುಡಿಯುತ್ತಿದ್ದಳು.

ಹಸಿವು ಬಂದದ್ದು ಆಮೇಲೆ. ತೂಕ ಇಳಿಯುತ್ತಿದ್ದಾಗ ಹಸಿವಿಗೊಂದು ಅರ್ಥವಿತ್ತು. ಇಳಿಯುವಷ್ಟು ಇಳಿದ ಮೇಲೆ ಅದು ಬರೀ ಹಸಿವಾಯಿತು. ಕೂದಲು ಬಾಚಣಿಗೆಗೆ ಗೊಂಚಲು ಗೊಂಚಲಾಗಿ ಬರತೊಡಗಿತು. ಇನ್ನು ನಿಧಾನವಾಗಿ ಊಟಕ್ಕೆ ಮರಳಬಹುದೇ ಎಂದು ಒಂದು ದಿನ ಅಂಜನಮೂರ್ತಿಯವರನ್ನು ಕೇಳಿದಳು.

"ತಿನ್ನಿ ಮೇಡಮ್, ಯಾರ್ ಬೇಡ ಅಂದ್ರು?" ಎಂದರು ಅವರು. "ಆದ್ರೆ ಗುಬ್ಬೀಲಿ ನಾಲ್ಕ್ ಜನರ ಮುಂದೆ ಬೇಡ. ನಿಮ್ಮನ್ನ ನೋಡ್ಕೊಂಡೇ ಅಲ್ವಾ ಅವ್ರೆಲ್ಲ ಬಾಯಿ ಕಟ್ಟಿರೋದು."

ಗುಬ್ಬಿಯಲ್ಲಿ ನಾಲ್ಕು ಜನ ಇಲ್ಲದ ಜಾಗ ಅವಳಿಗೆ ಸಿಗಲಿಲ್ಲ. ತರಕಾರಿಯವಳು ಆಲೂಗಡ್ಡೆ ತೂಗುತ್ತ, ಇದು ಯಾರಿಗೆ ಎಂದು ಕೇಳಿದಳು. ಮದುವೆಮನೆಯಲ್ಲಿ ಪಂಕ್ತಿಗೆ ಕೂತರೆ ಬಡಿಸುವವರು ಮೇಡಮ್ ತಿನ್ನಲ್ಲ ಎಂದು ತಾವೇ ಹೇಳಿಕೊಂಡು ಅವಳ ಎಲೆ ದಾಟಿ ಹೋದರು. ಪಕ್ಕದ ಹೆಂಗಸರು ಮೆಚ್ಚುಗೆಯಿಂದ ನೋಡಿದರು. ಅವಳು ಕೋಸಂಬರಿ ಬೆರಳಲ್ಲಿ ಕೆದಕುತ್ತ ಕೂತಿದ್ದು ಎದ್ದಳು. ಮನೆಯಲ್ಲಿ ಗಂಡನೂ ಜೊತೆಗಿರಲಿ ಎಂದು ಶೇಕ್ ಕುಡಿಯತೊಡಗಿದ್ದ. ರಾತ್ರಿ ಹೊತ್ತು ಒಲೆ ಹಚ್ಚುವುದೇ ನಿಂತುಹೋಯಿತು, ಬೆಳಗ್ಗೆ ಮಾಡಿದ್ದನ್ನೇ ಮಗಳು ತಾನಾಗಿ ಹಾಕಿಕೊಳ್ಳಬೇಕಿತ್ತು.

ತವರು ಹುತ್ರಿದುರ್ಗದ ಬೆಟ್ಟದ ಕೆಳಗಿನ ಒಂದು ಹಳ್ಳಿ. ತಾಯಿ ದೊಡ್ಡಗಂಗಮ್ಮನನ್ನು ನೋಡಲು ಆಗಾಗ ಹೋಗುತ್ತಿದ್ದಳು. ಅಲ್ಲೂ ಬಿಡುಗಡೆಯಿರಲಿಲ್ಲ. ಅವಳನ್ನು ನೋಡಿಯೇ ಅತ್ತಿಗೆ ಸೆಂಟರಿನ ಪುಡಿ ತರಿಸಿಕೊಳ್ಳುತ್ತಿದ್ದಳು. ಸುಧಾ ಹೋದ ಕೂಡಲೇ ಎದ್ದು ಪ್ರೀತಿಯಿಂದ ಒಂದು ಲೋಟ ಶೇಕ್ ಕಲಸಿ ತರುತ್ತಿದ್ದಳು. ಮುದ್ದೆ ಇಕ್ಕುತ್ತೀನಿ ಬಾ ಎಂದು ದೊಡ್ಡಗಂಗಮ್ಮ ಕರೆದರೆ, ಅವಳ ಬಾಯಿ ಕೆಡಿಸಬೇಡಿ ಎಂದು ಅತ್ತಿಗೆಯೇ ತಡೆಯುತ್ತಿದ್ದಳು.

ಆ ದಾರಿಯಲ್ಲಿ ಕುಣಿಗಲ್‌ನಲ್ಲಿ ಬಸ್ ಬದಲಿಸಬೇಕು. ಒಂದು ಮಧ್ಯಾಹ್ನ ಬಸ್ ತಡವಾಗಿ, ನಿಲ್ದಾಣದ ಹಿಂದಿನ ಸಣ್ಣ ಮೆಸ್ಸಿನಿಂದ ಹುರುಳಿಕಾಳಿನ ಬಸ್ಸಾರಿನ ವಾಸನೆ ಬಂತು. ಸುಧಾ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಬಿಸಿ ಮುದ್ದೆ ಮುರಿದು ಸಾರಿಗೆ ಅದ್ದಿ ಗಂಟಲಿಗೆ ಇಳಿಸಿದಾಗ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದುಕೊಂಡಳು. ಆಮೇಲೆ ತಾಯಿಯನ್ನು ನೋಡಲು ಹೋಗುವುದು ಹೆಚ್ಚಾಯಿತು. ಕೆಲವು ಸಲ ಕುಣಿಗಲ್‌ವರೆಗೆ ಮಾತ್ರ ಹೋಗಿ ಅಲ್ಲಿಂದಲೇ ಹಿಂದಿರುಗಿದಳು. ಹೊಟ್ಟೆ ತುಂಬಿದ ದಿನ ನಾಚಿಕೆಯಾಗುತ್ತಿತ್ತು, ಖಾಲಿಯಿದ್ದ ದಿನ ಸಿಟ್ಟು ಬರುತ್ತಿತ್ತು. ತೂಕ ಮೆಲ್ಲಗೆ ಏರಿತು. ನೀಲಿ ಚೂಡಿದಾರದ ಪಕ್ಕದ ಹೊಲಿಗೆಯನ್ನು ಅವಳೇ ಬಿಚ್ಚಿ ಸಡಿಲ ಮಾಡಿಕೊಂಡಳು, ಯಾರಿಗೂ ಕಾಣದಂತೆ ಮೇಲೆ ಅಗಲ ದುಪಟ್ಟಾ ಹೊದ್ದಳು.

ಮಗಳು ಇಂಪನಾ ತುಮಕೂರಿನಲ್ಲಿ ಪಿಯುಸಿ ಓದುತ್ತಿದ್ದಳು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ಸಂಜೆ ಸುಧಾ ಕುಣಿಗಲ್‌ನಿಂದ ಬಂದು ಮಗಳ ಊಟದ ಡಬ್ಬಿ ತೊಳೆಯಲು ತೆರೆದರೆ, ಬೆಳಗ್ಗೆ ಹಾಕಿದ ಚಿತ್ರಾನ್ನ ಹಾಗೇ ಇತ್ತು. ಕೇಳಿದರೆ, ಕೆಲವು ದಿನದಿಂದ ಬೆಳಗ್ಗೆಯ ಶೇಕ್ ಬಿಟ್ಟು ಬೇರೇನೂ ತಿನ್ನುತ್ತಿಲ್ಲ ಎಂದಳು. ಅವಳ ಕೈಗಳು ಮೊದಲೇ ಕಡ್ಡಿಯಂತಿದ್ದವು. ಹೀಗೆಲ್ಲ ಮಾಡಬಾರದು ಎಂದು ಸುಧಾ ಗದರಿದಳು.

"ನೀನ್ ತಡ್ಕೊಳಲ್ವಾ ಅಮ್ಮ? ನಂಗೂ ಆಗತ್ತೆ," ಎಂದಳು ಇಂಪನಾ.

ಸುಧಾಳ ಹೊಟ್ಟೆಯಲ್ಲಿ ಮಧ್ಯಾಹ್ನದ ಮುದ್ದೆ ಇನ್ನೂ ಕರಗಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಳು. ಹಾಲ್‌ನಲ್ಲಿ ಜಯಪ್ರಕಾಶ್ ಯಾರಿಗೋ ಫೋನಿನಲ್ಲಿ ಅವಳ ಉದಾಹರಣೆಯನ್ನೇ ಕೊಡುತ್ತಿದ್ದ. ಅವಳು ನಲ್ಲಿ ತಿರುಗಿಸಿ ಡಬ್ಬಿ ತೊಳೆದಳು.

ಆ ತಿಂಗಳೇ ಅಂಜನಮೂರ್ತಿ ಕುಣಿಗಲ್‌ನಲ್ಲೂ ಸೆಂಟರ್ ತೆರೆದರು. ಸುಧಾಗೆ ಅದು ಗೊತ್ತಾದದ್ದು ಮೆಸ್ಸಿನಲ್ಲಿ. ಬಡಿಸುವವನು ಸಾರಿನ ಸೌಟು ಹಿಡಿದು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಅಕ್ಕಾ, ಸ್ಟ್ಯಾಂಡ್ ಮುಂದೆ ಬೋರ್ಡಲ್ಲಿರೋರು ನೀವೇ ಅಲ್ವಾ?" ಎಂದ. ಅವಳು ಅಲ್ಲ ಎಂದಳು. ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದಳು. ಹೊರಗೆ ಬಂದು ತಲೆಯೆತ್ತಿದರೆ, ಅದೇ ನೀಲಿ ಚೂಡಿದಾರ, ಅದೇ ಹಳದಿ ಬಾಣ.

ಸ್ವಲ್ಪ ದಿನಕ್ಕೆ ಎಲ್ಲ ಸೆಂಟರುಗಳ ವಾರ್ಷಿಕ ಸಭೆ ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಸುಧಾಗೆ ಸನ್ಮಾನವಿದೆ ಎಂದಿದ್ದರು. ಶಾಲು ಹೊದಿಸಿದ ಮೇಲೆ ಅಂಜನಮೂರ್ತಿ, ಇಷ್ಟು ದಿನವೂ ಅದೇ ತೂಕ ಉಳಿಸಿಕೊಂಡವರು ಇವರು, ನೀವೇ ನೋಡಿ ಎಂದು ವೇದಿಕೆಗೆ ತೂಕದ ಮೆಷಿನ್ ತರಿಸಿದರು. ಅದರ ಮಾತು ಮೊದಲೇ ಯಾರೂ ಅವಳಿಗೆ ಹೇಳಿರಲಿಲ್ಲ. ತೂಕ ಓದಿ ಹೇಳಲು ಮೈಕು ಜಯಪ್ರಕಾಶನ ಕೈಗೆ ಕೊಟ್ಟರು.

ಸಭೆ ತುಂಬ ಜನ ಫೋನ್ ಎತ್ತಿ ಹಿಡಿದಿದ್ದರು. ಗುಬ್ಬಿಯ ಟೀಚರುಗಳು ಮುಂದಿನ ಸಾಲಿನಲ್ಲಿ ಕೂತಿದ್ದರು, ಅವರ ನಡುವೆ ಇಂಪನಾ. ಸುಧಾ ಚಪ್ಪಲಿ ಬಿಟ್ಟು ಮೆಷಿನ್ ಹತ್ತಿದಳು. ಬೆರಳುಗಳ ಮುಂದೆ ಅಂಕಿಗಳು ಓಡಿ ನಿಂತವು. ಇಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದೆ ಬಂದಿತ್ತು. ಜಯಪ್ರಕಾಶ್ ಬಗ್ಗಿ ನೋಡಿದ. ಈಗ ಎಲ್ಲ ಮುಗಿಯಿತು ಎಂದುಕೊಂಡಳು. ಆ ಒಂದು ಕ್ಷಣ ಅವಳಿಗೆ ಹೆದರಿಕೆಗಿಂತ ಹಗುರವೇ ಹೆಚ್ಚಾಗಿತ್ತು. ಅವನು ನೆಟ್ಟಗಾಗಿ, ದನಿ ನಡುಗಿಸದೆ, ಫ್ಲೆಕ್ಸಿನಲ್ಲಿದ್ದ ತೂಕವನ್ನೇ ಓದಿದ. ಚಪ್ಪಾಳೆ ಬಿತ್ತು. ಅವಳು ಮೆಷಿನ್ ಮೇಲೆ ನಿಂತೇ ಕೈ ಮುಗಿದಳು.

ಮಗಳನ್ನು ಟೀಚರುಗಳ ಜೊತೆ ರೈಲಿಗೆ ಕಳಿಸಿ ಇಬ್ಬರೂ ಸ್ಕೂಟರಿನಲ್ಲಿ ಹೊರಟರು. ಜಯಪ್ರಕಾಶ್ ಗುಬ್ಬಿಯ ಕಡೆ ತಿರುಗದೆ ಕುಣಿಗಲ್ ರಸ್ತೆ ಹಿಡಿದ. ಊರು ದಾಟಿದ ಮೇಲೆ ತೆಂಗಿನ ತೋಟದ ಪಕ್ಕದ ಒಂದು ಹೋಟೆಲ್ ಮುಂದೆ ಗಾಡಿ ನಿಲ್ಲಿಸಿದ. ಹೆಲ್ಮೆಟ್ ತೆಗೆಯದೆ, ಅವಳ ಮುಖ ನೋಡದೆ ಹೇಳಿದ:

"ಕುಣಿಗಲ್‌ನಲ್ಲಿ ಇನ್ಮೇಲೆ ಆಗಲ್ಲ. ಇಲ್ಲಿ ತಿನ್ನು."

"ಯಾವಾಗಿಂದ ಗೊತ್ತು ನಿಮಗೆ?"

"ಮೊದಲ್ನೇ ಸಲವೇ. ಸೆರಗಲ್ಲಿ ಬಸ್ಸಾರಿನ ವಾಸ್ನೆ ಇತ್ತು."

"ಮತ್ತೆ ಯಾಕ್ರೀ ಸುಮ್ನಿದ್ರಿ?"

ಅವನು ಗಾಡಿಯ ಕೀಲಿ ತೆಗೆದ. "ನೀನು ಹೇಳಿದ್ರೆ ಸೆಂಟರ್ ಮುಚ್ಚಬೇಕಿತ್ತು. ನೀನು ಹೇಳ್ದೆ ಇರ್ಲಿ ಅಂತಿದ್ದೆ ಕಣೇ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ಇಬ್ಬರೂ ಒಳಗೆ ಕೂತು ಅನ್ನ ಸಾರು ತಿಂದರು. ಬಹಳ ತಿಂಗಳ ಮೇಲೆ ಅವನ ಎದುರು ಕೂತು ತಿಂದಳು. ತಿನ್ನುತ್ತಲೇ, ಫ್ಲೆಕ್ಸ್ ತೆಗೆಸೋಣ ಎಂದಳು. ಅವನು ತಲೆ ಆಡಿಸಿದ, ಹೌದು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ. ವಾರದೊಳಗೆ ಮೂರೂ ಊರುಗಳಲ್ಲಿ ಹಳೆಯದರ ಪಕ್ಕದಲ್ಲೇ ಹೊಸ ಫ್ಲೆಕ್ಸ್ ಬಂತು. ಅದರಲ್ಲಿ ಅವಳು ಶಾಲು ಹೊದ್ದು ಮೆಷಿನ್ ಮೇಲೆ ಕೈ ಮುಗಿದು ನಿಂತಿದ್ದಳು.

ಅದನ್ನು ನೋಡಿದ ದಿನವೇ ಸುಧಾ ಸಂಜೆ ಒಲೆ ಹಚ್ಚಿ ಮುದ್ದೆ ತೊಳಸಿದಳು. ಇಂಪನಾಳನ್ನು ಎದುರು ಕೂರಿಸಿಕೊಂಡು, ಕುಣಿಗಲ್‌ನ ಮೆಸ್ಸಿನಿಂದ ಹಿಡಿದು ತಂದೆ ಓದಿದ ಸುಳ್ಳು ತೂಕದವರೆಗೆ ಎಲ್ಲ ಹೇಳಿದಳು. ಮಗಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಇಂಪನಾಳ ಮುಖ ಕೆಂಪಾಯಿತು.

"ಹಂಗಾದ್ರೆ ಆ ಬೋರ್ಡ್ ತೆಗ್ಸು."

"ಆಗಲ್ಲ ಕಣೇ."

"ಯಾಕಾಗಲ್ಲ?"

ಸುಧಾ ತಟ್ಟೆಯನ್ನು ಮಗಳ ಕಡೆ ಸರಿಸಿದಳು. ಇಂಪನಾ ತಲೆಯೆತ್ತದೆ ಮುದ್ದೆ ಮುರಿದಳು. ಅವತ್ತಿನಿಂದ ಅವಳ ಊಟದ ಡಬ್ಬಿ ಖಾಲಿಯಾಗಿ ಬರುತ್ತಿದೆ. ಆದರೆ ಅಮ್ಮನ ಜೊತೆ ಅವಳು ಮೊದಲಿನಷ್ಟು ಮಾತಾಡುವುದಿಲ್ಲ.

ಈಗಲೂ ಬೆಳಗ್ಗೆ ಸುಧಾ ಸೆಂಟರಿಗೆ ಹೋಗುತ್ತಾಳೆ. ಸಡಿಲವಾದ ಟಾಪ್ ಹಾಕಿಕೊಂಡು, ಎಲ್ಲರ ಮುಂದೆ ನಿಂತು ಉದ್ದನೆಯ ಲೋಟದಲ್ಲಿ ಶೇಕ್ ಕುಡಿಯುತ್ತಾಳೆ. ಬರೀ ಶೇಕ್ ನಂಬಬೇಡಿ, ಮಧ್ಯಾಹ್ನ ಹೊಟ್ಟೆ ತುಂಬ ತಿನ್ನಿ ಎಂದು ಹೊಸಬರ ಕಿವಿಯಲ್ಲಿ ಹೇಳಿ ನೋಡುತ್ತಾಳೆ. ನೀವು ಹೀಗೇನಾ ಇಳಿಸಿದ್ದು ಎಂದು ಅವರು ನಗುತ್ತಾರೆ. ಸಂಜೆ ಮನೆಯ ಬಾಗಿಲು ಹಾಕಿ, ಕಿಟಕಿಗೆ ಪರದೆ ಎಳೆದು ಮೂವರೂ ಊಟಕ್ಕೆ ಕೂರುತ್ತಾರೆ. ಯಾರಾದರೂ ಬಾಗಿಲು ತಟ್ಟಿದರೆ ಜಯಪ್ರಕಾಶ್ ಕೈ ಒರೆಸಿಕೊಂಡು ಹೊರಗೆ ಹೋಗಿ, ಅಲ್ಲೇ ನಿಂತು ಮಾತಾಡಿಸಿ ಕಳಿಸುತ್ತಾನೆ. ಅವನು ಒಳಗೆ ಬರುವವರೆಗೆ ತಾಯಿ ಮಗಳು ತಟ್ಟೆಯ ಮುಂದೆ ಸದ್ದಿಲ್ಲದೆ ಕೂತಿರುತ್ತಾರೆ.