ಹೆಸರಿಲ್ಲದ ಮೂರು ಡಬ್ಬಿ

ನನ್ನ ಅಣ್ಣನನ್ನು ಜನ ಗ್ರೀಸಪ್ಪ ಎಂದು ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವಿರಲಿಲ್ಲ, ಒಳಗೊಳಗೇ ಹಿಗ್ಗು. ಅವನು ರಿಪೇರಿ ಮಾಡುತ್ತಿದ್ದದ್ದು ಹಳೆಯ ಸೈಕಲ್ಲುಗಳನ್ನು ಮಾತ್ರ. ಗೇರು ಗೀರು ಇರುವ ಹೊಸ ಸೈಕಲ್ ಯಾರಾದರೂ ತಂದರೆ ತಲೆಯೆತ್ತಿಯೂ ನೋಡದೆ ಎದುರಿನ ಅಂಗಡಿಗೆ ಕೈ ತೋರಿಸುತ್ತಿದ್ದ. ಅಪ್ಪನದೋ ಅಜ್ಜನದೋ ಆದ, ಐವತ್ತು ಅರವತ್ತು ವರ್ಷದ ಸೈಕಲ್ಲುಗಳು ಎಲ್ಲೆಲ್ಲಿಂದಲೋ ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಅಂಗಡಿಯ ಅರ್ಧ ಭಾಗ ತಂಗಿಯಾದ ನನ್ನದು. ನಾನು ಸೀಟಿನ ಚರ್ಮ ಹೊಲಿಯುತ್ತೇನೆ. ನಮ್ಮಿಬ್ಬರ ನಡುವೆ ಒಂದು ಉದ್ದನೆಯ ಮರದ ಮೇಜು, ಅದರ ಮೇಲೆ ದಿನವಿಡೀ ಜಗಳ.

ಅಣ್ಣನ ಖ್ಯಾತಿಯೆಲ್ಲ ಅವನ ಮೂಗಿನದು. ಹಳೆಯ ಸೈಕಲ್ಲು ಮುದುಕರ ಹೊಟ್ಟೆ ಇದ್ದ ಹಾಗೆ, ಸಿಕ್ಕಿದ್ದೆಲ್ಲ ಹಾಕಿದರೆ ಕೆಡುತ್ತದೆ ಎನ್ನುತ್ತಿದ್ದ. ಗ್ರೀಸನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ, ಮೂಗಿನ ಹತ್ತಿರ ತಂದರೆ ಮುಗಿಯಿತು. ಇದು ಹಳಸಿದೆ, ಇದಕ್ಕೆ ಕಳಪೆ ಎಣ್ಣೆ ಬೆರೆಸಿದ್ದಾರೆ, ಇದು ಬಿಸಿ ತಡೆಯುವುದಿಲ್ಲ ಎಂದು ಹೇಳಿಬಿಡುತ್ತಿದ್ದ. ಗ್ರೀಸ್ ಮಾರುವವರು ಅವನ ಮೂಗು ಸುಕ್ಕುಗಟ್ಟುತ್ತದೋ ಇಲ್ಲವೋ ಎಂದು ನೋಡುತ್ತ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹೆಣ್ಣು ನೋಡಲು ಹೋದಲ್ಲೂ ಮೂಸಿ ನೋಡಿರಬೇಕು, ಅದಕ್ಕೇ ಮದುವೆಯಾಗಲಿಲ್ಲ ಎಂದು ನಾನು ಛೇಡಿಸುತ್ತಿದ್ದೆ.

ಕಪಾಟಿನಲ್ಲಿ ಒಂದೇ ಅಳತೆಯ ಮೂರು ಬಿಸ್ಕತ್ತಿನ ಡಬ್ಬಿಗಳಿದ್ದವು. ಒಂದರಲ್ಲಿ ಚಕ್ರದ ಬೇರಿಂಗ್ ಗುಂಡುಗಳಿಗೆ ಹಾಕುವ ಹಳದಿ ಗ್ರೀಸು, ಅದನ್ನು ಯಾರು ಬೇಕಾದರೂ ಗುರುತಿಸಬಹುದು. ಉಳಿದೆರಡು ಒಂದೇ ಕಂದು ಬಣ್ಣ, ಒಂದೇ ಮಂದ. ಒಂದು ಪೆಡಲಿಗೆ, ನೀರು ನುಗ್ಗದಂತೆ. ಇನ್ನೊಂದು, ಕೈ ಬ್ರೇಕೇ ಇಲ್ಲದ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲುಗಳಿಗೆ. ಅವುಗಳ ಬ್ರೇಕು ಹಿಂದಿನ ಚಕ್ರದ ನಡುವಿನ ಹಬ್‌ನೊಳಗೇ ಇರುತ್ತದೆ. ಇಳಿಜಾರಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ನೀರು ಚಿಮುಕಿಸಿದರೆ ಚುಂಯ್ ಎನ್ನುವಷ್ಟು ಕಾಯುತ್ತದೆ. ಅಲ್ಲಿ ಬೇರೆ ಗ್ರೀಸ್ ಹಾಕಿದರೆ ಕರಗಿ ಹರಿದುಹೋಗುತ್ತದೆ, ಬ್ರೇಕು ಕೈಕೊಡುತ್ತದೆ. ಅನುಮಾನವಿದ್ದವರು ಚಮಚದಲ್ಲಿ ಚೂರು ಗ್ರೀಸಿಟ್ಟು ಒಲೆಯ ಮೇಲೆ ಕಾಯಿಸಿ ನೋಡುತ್ತಾರೆ. ಅಣ್ಣ ಅಂಥವರನ್ನು ಅಡುಗೆಭಟ್ಟರು ಎಂದು ಆಡಿಕೊಳ್ಳುತ್ತಿದ್ದ. ಡಬ್ಬಿಗೆ ಚೀಟಿ ಅಂಟಿಸು ಎಂದು ನಾನು ನೂರು ಸಲ ಹೇಳಿದ್ದೇನೆ. ಅದು ಮೂಗಿಲ್ಲದವರ ಕೆಲಸ ಎಂದು ನೂರು ಸಲವೂ ಬಾಯಿ ಮುಚ್ಚಿಸಿದ್ದ.

ಆಮೇಲೆ ಅವನಿಗೆ ಜ್ವರ ಬಂತು. ಹತ್ತು ದಿನ ಹಾಸಿಗೆ ಹಿಡಿದು, ಇಳಿದುಹೋಗಿ ಅಂಗಡಿಗೆ ಬಂದ. ಎಂದಿನಂತೆ ಕೂತ, ಎಂದಿನಂತೆ ನನ್ನ ಮೇಲೆ ರೇಗಿದ. ಒಂದು ಮಧ್ಯಾಹ್ನ ಬಾಯಾರಿಕೆಯೆಂದು ಮೇಜಿನ ಮೇಲಿದ್ದ ಲೋಟ ಎತ್ತಿದ. ಅದರಲ್ಲಿದ್ದದ್ದು ಗುಂಡು ತೊಳೆಯುವ ಸೀಮೆಎಣ್ಣೆ. ನಾನು ಮೇಜಿನ ಈಚೆ ಕೂತೇ ಅದರ ನಾತಕ್ಕೆ ಮುಖ ಕಿವುಚಿಕೊಂಡಿದ್ದೆ. ಅವನು ತುಟಿಗಿಟ್ಟ. ಲೋಟಕ್ಕೆ ಹೊಡೆದು ಕೆಡವಿದೆ. ಏನೋ ಯೋಚನೆಯಲ್ಲಿದ್ದೆ ಎಂದು ನಕ್ಕ. ಆದರೆ ನೆಲದ ಮೇಲೆ ಹರಡಿದ್ದನ್ನು ಅವನು ನೋಡಿದ ರೀತಿಯಲ್ಲೇ ನನಗೆ ಅರ್ಥವಾಯಿತು.

ಕೇಳಬೇಕಿತ್ತು. ಬೇರೆ ಎಲ್ಲದಕ್ಕೂ ಬಾಯಿ ಹಾಕುವ ನಾನು ಇದೊಂದಕ್ಕೆ ಬಾಯಿಗೆ ಬೀಗ ಹಾಕಿಕೊಂಡೆ. ಅವನಿಂದ ಆ ಮೂಗನ್ನೂ ಕಿತ್ತುಕೊಂಡರೆ ಉಳಿಯುವುದೇನು ಎಂಬ ಮರುಕ. ಅಂಥ ಮರುಕಕ್ಕಿಷ್ಟು ಬೆಂಕಿ ಬೀಳಲಿ.

ಅವನೂ ಹೇಳಲಿಲ್ಲ. ಗಿರಾಕಿಗಳ ಮುಂದೆ ಮೊದಲಿನಂತೆಯೇ ಬೆರಳು ಉಜ್ಜುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ತಲೆ ಆಡಿಸುತ್ತಿದ್ದ. ಡಬ್ಬಿಗಳನ್ನು ಮಾತ್ರ ಇಟ್ಟ ಜಾಗದ ಲೆಕ್ಕದಲ್ಲಿ ಎತ್ತಿಕೊಳ್ಳುತ್ತಿದ್ದ. ನಾನೋ, ಜಿರಳೆ ಸೇರಿಕೊಂಡಿವೆಯೆಂದು ಒಂದು ದಿನ ಕಪಾಟನ್ನೆಲ್ಲ ತೆಗೆದು ಒರೆಸಿ, ಡಬ್ಬಿಗಳನ್ನು ಹೇಗೆಂದರೆ ಹಾಗೆ ವಾಪಸಿಟ್ಟೆ. ಮರುದಿನ ಅಣ್ಣ ಎರಡು ಕಂದು ಡಬ್ಬಿಗಳನ್ನು ಮುಂದಿಟ್ಟುಕೊಂಡು, ಒಂದನ್ನು ಮೂಸಿ, ಇನ್ನೊಂದನ್ನು ಮೂಸಿ, ಮತ್ತೆ ಮೊದಲಿನದನ್ನು ಮೂಸುತ್ತ ಬಹಳ ಹೊತ್ತು ಕೂತಿದ್ದ.

ಅವನು ಊಟಕ್ಕೆ ಹೋದಾಗ ನಾನೇ ಡಬ್ಬಿಗಳನ್ನು ಮೂಸಿ ನೋಡಿದೆ. ನನಗೂ ಮೂಗಿದೆ, ಆದರೆ ಚರ್ಮ ಮೂಸಿ ಪಳಗಿದ ಮೂಗು ಅದು. ಒಂದರ ವಾಸನೆ ಕಟು, ಇನ್ನೊಂದರದು ಮಂದ. ಕಟುವಾದದ್ದೇ ಬಿಸಿ ತಡೆಯುವುದಿರಬೇಕು ಎಂದುಕೊಂಡೆ. ಚಮಚದಲ್ಲಿ ಕಾಯಿಸಿ ನೋಡಲು ಎರಡು ನಿಮಿಷ ಸಾಕಾಗಿತ್ತು. ಅಣ್ಣ ಬಂದು ನೋಡಿದರೆ ಎಂಬ ಭಯಕ್ಕೆ ಕಾಯಿಸಲಿಲ್ಲ. ದಪ್ಪ ಅಕ್ಷರದಲ್ಲಿ ಮೂರು ಚೀಟಿ ಬರೆದು ಅಂಟಿಸಿ ನನ್ನ ಸೂಜಿಯ ಮುಂದೆ ಕೂತೆ.

ಅವನು ಬಂದ, ಕಪಾಟಿನ ಮುಂದೆ ನಿಂತ. ಬೈಗುಳಕ್ಕೆ ತಯಾರಾಗಿದ್ದೆ. ಅವನು ಮೇಲೆದ್ದಿದ್ದ ಒಂದು ಚೀಟಿಯ ಅಂಚನ್ನು ಬೆರಳಿನಿಂದ ಒತ್ತಿ ಅಂಟಿಸಿದ. ಅಂದಿನಿಂದ ಮೊದಲು ಚೀಟಿ ಓದುವುದು, ಆಮೇಲೆ ಮೂಸುವುದು. ಒಂದೇ ಒಂದು ಸಲ, ಒಂದು ಹಬ್ ಬಿಚ್ಚಿಟ್ಟುಕೊಂಡಿದ್ದಾಗ, ನನ್ನ ಕಡೆ ತಿರುಗದೆಯೇ ಕೇಳಿದ.

“ಪುಟ್ಟಿ, ಈ ಡಬ್ಬಿ ಸರಿ ಇದೆ ಅಲ್ವಾ?”

“ಸರಿ ಇದೆ,” ಎಂದೆ.

ಎರಡು ತಿಂಗಳ ಮೇಲೆ ಕೈ ಬ್ರೇಕಿಲ್ಲದ ಒಂದು ಸೈಕಲ್ಲು ಸೀಟಿಗೆಂದು ನನ್ನ ಕಡೆಗೆ ಬಂತು. ಅದರ ಹಿಂದಿನ ಚಕ್ರದ ಕಡ್ಡಿಗಳ ಬುಡದಲ್ಲಿ ಕಂದು ಎಣ್ಣೆ ಒಸರಿತ್ತು. ಗ್ರೀಸು ಜಾಸ್ತಿ ತುಂಬಿದ್ದಾನೆ ಎಂದು ಗೊಣಗುತ್ತ ಬಟ್ಟೆಯಲ್ಲಿ ಒರೆಸಿದೆ. ಒರೆಸಿದ ಮೇಲೂ ಏನೋ ಕಸಿವಿಸಿ. ಆ ದಿನ ಕೈಗೆ ಎರಡು ಸಲ ಸೂಜಿ ಚುಚ್ಚಿಕೊಂಡೆ. ಅಷ್ಟಾದರೂ ಕಪಾಟಿನ ಕಡೆ ನೋಡುವ ಧೈರ್ಯವಾಗಲಿಲ್ಲ.

ನಮ್ಮ ಬೀದಿ ಮುಗಿಯುವಲ್ಲಿ ಕಡಿದಾದ ಇಳಿಜಾರು ಇದೆ. ಅದರ ಬುಡದಲ್ಲಿ ಲಾರಿಗಳು ಓಡಾಡುವ ಹೆದ್ದಾರಿ, ಅದರಾಚೆ ಆಸ್ಪತ್ರೆ. ಅಲ್ಲಿ ಕೆಲಸ ಮಾಡುವ ನರ್ಸಮ್ಮ ತಮ್ಮ ತಾಯಿಯ ಕಾಲದ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದರು, ಅದೂ ಕೈ ಬ್ರೇಕಿಲ್ಲದ್ದು. ವರ್ಷಕ್ಕೊಮ್ಮೆ ಅಣ್ಣನ ಕೈಯಲ್ಲಿ ಬಿಚ್ಚಿಸಿ ತೊಳೆಸುತ್ತಿದ್ದರು. ಈ ಸಲವೂ ತೊಳೆಸಿಕೊಂಡು ಹೋಗಿ ಐದು ದಿನವಾಗಿತ್ತಷ್ಟೆ. ಆರನೆಯ ದಿನ ಬೆಳಿಗ್ಗೆ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಅಂಗಿಯ ತೋಳು ಹರಿದಿತ್ತು, ಅಂಗೈ ತರಚಿ ರಕ್ತ ಬಂದಿತ್ತು. ಎಷ್ಟು ತುಳಿದರೂ ಬ್ರೇಕು ಹಿಡಿಯದೆ, ಹೆದ್ದಾರಿ ಇನ್ನು ಇಪ್ಪತ್ತು ಮಾರು ದೂರವಿರುವಾಗ ಬೇಲಿಗೆ ನುಗ್ಗಿಸಿ ಬಿದ್ದರಂತೆ. ಅವರು ಬಿದ್ದಲ್ಲಿಂದ ನೋಡುತ್ತಿದ್ದಂತೆ ಮುಂದೆ ಒಂದು ಲಾರಿ ದಾಟಿ ಹೋಯಿತಂತೆ.

ಅಣ್ಣ ಸ್ಟೂಲು ಕೊಟ್ಟ, ನಾನು ನೀರು ಕೊಟ್ಟೆ. ನರ್ಸಮ್ಮ ನಾಚಿಕೊಂಡವರಂತೆ ಮಾತಾಡಿದರು.

“ತಪ್ಪು ನನ್ನದೇ ಅಣ್ಣ. ನಿಮ್ಮ ಕೈಯಲ್ಲಿ ಆದ ಕೆಲಸ, ಬ್ರೇಕು ಹೇಗೆ ತಪ್ಪುತ್ತೆ? ನನ್ನ ಕಾಲಲ್ಲೇ ಬಲ ಇಲ್ಲ. ನಾಳೆಯಿಂದ ಇದನ್ನ ಮಗಳಿಗೆ ಕೊಟ್ಟುಬಿಡ್ತೀನಿ, ಅವಳಿಗೂ ಕಾಲೇಜಿಗೆ ಅದೇ ದಾರಿ. ಸೀಟು ಸ್ವಲ್ಪ ಎತ್ತರ ಮಾಡಿಕೊಡಿ.”

ಅಣ್ಣ ಕೂತು ಹಿಂದಿನ ಚಕ್ರ ತಿರುಗಿಸಿದ. ಕಡ್ಡಿಗಳ ಬುಡದಲ್ಲಿ ಅದೇ ಕಂದು ಎಣ್ಣೆ. ಬೆರಳಿಗೆ ಹಚ್ಚಿಕೊಂಡ, ಮೂಗಿನವರೆಗೆ ತಂದ, ಮೂಸದೆ ಕೆಳಗಿಳಿಸಿದ. ಒಳಗೆ ಹೋಗಿ ಚಹಾ ಕಾಯಿಸುವ ಒಲೆ ಹಚ್ಚಿ, ‘ಬ್ರೇಕ್’ ಎಂದು ನನ್ನ ಅಕ್ಷರವಿದ್ದ ಡಬ್ಬಿಯಿಂದ ಒಂದು ಚಮಚ ತೆಗೆದು ಬೆಂಕಿಯ ಮೇಲೆ ಹಿಡಿದ. ಅವನು ಚಮಚ ಹಿಡಿದದ್ದನ್ನು ನಾನು ಮೊದಲ ಸಲ ನೋಡಿದ್ದು. ನೋಡುತ್ತಿದ್ದಂತೆ ಗ್ರೀಸು ನೀರಾಯಿತು, ಚಮಚದ ಅಂಚಿನಿಂದ ಒಲೆಗೆ ತೊಟ್ಟಿಕ್ಕಿತು.

ಅವನು ಹೊರಗೆ ಬಂದು ನರ್ಸಮ್ಮನ ಮುಂದೆ ನಿಂತ.

“ಮಗಳಿಗೆ ಕೊಡಬೇಡಿ. ನಿಮ್ಮ ಕಾಲು ಸರಿಯಾಗೇ ಇದೆ. ನನಗೆ ಎಂಟು ತಿಂಗಳಿಂದ ವಾಸನೆ ಗೊತ್ತಾಗ್ತಿಲ್ಲಮ್ಮ. ಗೊತ್ತಾಗೋ ಹಾಗೆ ಆಟ ಆಡ್ಕೊಂಡು ಕೂತಿದ್ದೆ.”

ಚೀಟಿ ಬರೆದದ್ದು ನಾನು ಎಂದೆ. ಸುಮ್ಮನಿರು ಪುಟ್ಟಿ ಎಂದ, ಮೆಲ್ಲಗೆ. ಜೋರಾಗಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನರ್ಸಮ್ಮ ನಮ್ಮಿಬ್ಬರನ್ನೂ ನೋಡಿದರು, ಸೈಕಲ್ಲನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹೋದರು.

ಆ ದಿನವೇ ಅಂಗಡಿಯ ಬಾಗಿಲೆಳೆದು ಮೇಜಿನ ಎರಡು ಕಡೆ ಕೂತೆವು. ಚೀಟಿ ಅಂಟಿಸಿದ ಮೇಲೆ ಅಂಥ ಹಬ್ ಎಷ್ಟು ಹೋದವು? ಅವನಿಗೆ ಹಬ್‌ಗಳು ನೆನಪು, ನನಗೆ ಸೀಟುಗಳು. ಇಬ್ಬರೂ ಸೇರಿಸಿ ಎಣಿಸಿದಾಗ ಏಳಾಯಿತು. ಮೂರು ದಿನ ಮನೆಮನೆಗೆ ಅಲೆದೆವು. ಪ್ರತಿ ಬಾಗಿಲಲ್ಲೂ ಅಣ್ಣ ಅದೇ ಮಾತು ಹೇಳಿದ. ಕೆಲವರು ಬೈದರು, ಒಬ್ಬರು ಅಯ್ಯೋ ಪಾಪ ಎಂದರು. ಅವನು ಬೈಗುಳ ತಡೆದುಕೊಂಡ, ಪಾಪ ಎಂದಾಗ ಮುಖ ತಿರುಗಿಸಿದ. ನರ್ಸಮ್ಮನದೂ ಸೇರಿ ಆರು ಸೈಕಲ್ಲು ಸಿಕ್ಕವು. ಒಂದೊಂದನ್ನೂ ಬಿಚ್ಚಿ, ತೊಳೆದು, ಚಮಚದಲ್ಲಿ ಕಾಯಿಸಿ ನೋಡಿದ ಗ್ರೀಸು ತುಂಬಿಕೊಟ್ಟ.

ಏಳನೆಯದು ಕಡು ಹಸಿರು ಬಣ್ಣದ್ದು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಗಂಡಸು ತಂದದ್ದು. ಬೆಟ್ಟದ ಆಚೆಗೆ ಹೋಗಬೇಕು, ಬ್ರೇಕು ಗಟ್ಟಿಯಿರಲಿ ಎಂದು ಎರಡು ಗಂಟೆ ಕಾದು ಮಾಡಿಸಿಕೊಂಡು ಹೋದ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಅಣ್ಣನಿಗೆ ನೆನಪಿರುವುದು ಹಬ್ ಮಾತ್ರ. ಆ ಎರಡು ಗಂಟೆಯಲ್ಲಿ ನಾನು ಮಾಡಿದ ಕೆಲಸ ನನಗೆ ನೆನಪಿದೆ. ಮುಂದಿನ ಕಂಬಿಯ ಮೇಲೆ ಮಗುವನ್ನು ಕೂರಿಸಲು ಒಂದು ಪುಟ್ಟ ಸೀಟು ಹೊಲಿದುಕೊಟ್ಟಿದ್ದೆ. ಅಂಚು ಚುಚ್ಚಬಾರದೆಂದು ಎರಡು ಸುತ್ತು ಮೆತ್ತನೆಯ ಚರ್ಮ ಮಡಚಿ ಹಾಕಿದ್ದೆ.

ಬೆಟ್ಟದ ದಾರಿಯ ಅಂಗಡಿಗಳಲ್ಲೆಲ್ಲ ವಿಚಾರಿಸಿದೆವು. ಯಾರೂ ನೋಡಿಲ್ಲ. ವರ್ಷವಾಯಿತು. ಯಾರೇ ಎಲ್ಲಿಯದೇ ಅಪಘಾತದ ಸುದ್ದಿ ಎತ್ತಲಿ, ಅಣ್ಣ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಸೈಕಲ್ಲಾ ಎಂದು ಕೇಳುತ್ತಾನೆ. ಹೌದೆಂದರೆ ಯಾವ ಬಣ್ಣ ಎಂದು ಕೇಳುತ್ತಾನೆ. ಮಗು ಇತ್ತೇ ಎಂದು ಅವನೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ.